ಪ್ಯಾನೆಲ್‌ಗೆ ಬಾಡಿಗೆ ಉಂಟು, ತಂತಿಗೆ ಯಾಕಿಲ್ಲ?

ತಿಪಟೂರಿನ ಹತ್ತಿರ ನಮ್ಮ ದೊಡ್ಡಪ್ಪನಿಗೆ ಮೂರು ಎಕರೆ ತೆಂಗಿನ ತೋಟವಿದೆ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಅದರ ಮೇಲೆ 400 ಕೆ.ವಿ. ವಿದ್ಯುತ್ ಮಾರ್ಗವೊಂದು ಹಾದುಹೋಯಿತು. ಸರ್ವೆಯವರು ಬಂದು ಮರಗಳಿಗೆ ಬಣ್ಣದ ಗುರುತು ಹಾಕಿದ ದಿನವೇ ಮನೆಯವರಿಗೆ ವಿಷಯ ಗೊತ್ತಾಗಿದ್ದು. ಹತ್ತೊಂಬತ್ತು ಮರ ಉರುಳಿದವು. ಪರಿಹಾರ ಬಂತು, ಒಂದೇ ಸಲ. ಅದು ಬ್ಯಾಂಕ್ ಸಾಲಕ್ಕೂ ಅಕ್ಕನ ಮದುವೆಗೂ ಮುಗಿಯಿತು. ‘ಪಹಣಿ ಈಗ್ಲೂ ನನ್ನ ಹೆಸರಲ್ಲೇ ಐತೆ ಕಣಪ್ಪ, ತೆಂಗು ಮಾತ್ರ ಹಾಕಂಗಿಲ್ಲ’ ಎನ್ನುತ್ತಾರೆ ದೊಡ್ಡಪ್ಪ. ತಂತಿಯ ಕೆಳಗೆ ರಾಗಿ ಬೆಳೆಯಬಹುದು. ಎತ್ತರಕ್ಕೆ ಬೆಳೆಯುವ ಮರಕ್ಕೆ ಅಲ್ಲಿ ಜಾಗವಿಲ್ಲ.

ಈಗ ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಹಾಗಾಗಿ ಮಾರ್ಗವೇ ಬೇಡ ಎನ್ನುವವರ ಜೊತೆ ನಿಲ್ಲಲಾರೆ. ವೋಲ್ಟೇಜ್ ಎರಡು ಪಟ್ಟಾದರೆ ಅಷ್ಟೇ ವಿದ್ಯುತ್ ಸಾಗಿಸಲು ಅರ್ಧದಷ್ಟು ಕರೆಂಟ್ ಸಾಕು, ತಂತಿಯಲ್ಲಿ ಶಾಖವಾಗಿ ಪೋಲಾಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ದೂರದ ಬಿಸಿಲು, ಗಾಳಿ ನಗರದ ಮನೆಯ ಸ್ವಿಚ್ಚಿಗೆ ಬರಬೇಕಾದರೆ ದೊಡ್ಡ ಮಾರ್ಗಗಳು ಬೇಕೇ ಬೇಕು. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಚಾಲೂ ಆದ ಮೇಲೆಯೇ ದಕ್ಷಿಣದ ಜಾಲ ಉಳಿದ ಭಾರತದ ಜಾಲದೊಂದಿಗೆ ಒಂದೇ ತಾಳಕ್ಕೆ ಬಂದದ್ದು. 2030ರೊಳಗೆ 500 ಗಿಗಾವಾಟ್ ಪಳೆಯುಳಿಕೆಯೇತರ ವಿದ್ಯುತ್ ಸಾಮರ್ಥ್ಯ ನಮ್ಮ ದೇಶದ ಗುರಿ. ಸೋಲಾರ್ ಪ್ಯಾನೆಲ್‌ಗಳನ್ನು ಬೇಗ ಜೋಡಿಸಬಹುದು. ಮಾರ್ಗ ತಡವಾದರೆ ತಯಾರಾದ ವಿದ್ಯುತ್ತೂ ಹೊರಗೆ ಹೋಗಲಾರದು. ಮಾರ್ಗ ತಡವಾಗಲು ದೊಡ್ಡ ಕಾರಣವೇ ಜಾಗದ ತಕರಾರು.

ಈ ತಕರಾರಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್, ವಿಸ್ತೀರ್ಣ ಸುಮಾರು 13,000 ಎಕರೆ. ಅಲ್ಲಿ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಕಾಲಕಾಲಕ್ಕೆ ಏರುತ್ತದೆ. ಜಮೀನಿಲ್ಲದ ಕೂಲಿಕಾರರಿಗೆ ಅದರಿಂದ ಏನೂ ಸಿಗಲಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೂ ಜಮೀನು ಕೊಟ್ಟವನಿಗೆ ಯೋಜನೆ ನಡೆಯುವಷ್ಟು ಕಾಲ ಪಾಲುಂಟು. ಅಂಥದೇ ವಿದ್ಯುತ್ತನ್ನು ಹೊರುವ ತಂತಿ ಯಾರ ಹೊಲದ ಮೇಲೆ ಹಾದಿದೆಯೋ ಅವನಿಗೆ ಮಾತ್ರ ಒಂದು ಸಲದ ಹಣ. ತಂತಿಯೂ ದಶಕಗಳ ಕಾಲ ಅಲ್ಲೇ ಇರುತ್ತದಲ್ಲವೇ?

ಕಾನೂನಿನ ಬೇರು ಹಳೆಯದು. ಭೂಸ್ವಾಧೀನ ಮಾಡದೆಯೇ ಖಾಸಗಿ ಜಮೀನಿನಲ್ಲಿ ಗೋಪುರ ನಿಲ್ಲಿಸುವ ಅಧಿಕಾರ 1885ರ ಟೆಲಿಗ್ರಾಫ್ ಕಾಯ್ದೆಯಿಂದ ಬಂದದ್ದು. 2003ರ ವಿದ್ಯುತ್ ಕಾಯ್ದೆ ಅದನ್ನು ವಿದ್ಯುತ್ ಮಾರ್ಗಗಳಿಗೂ ಕೊಡಲು ಅವಕಾಶ ಮಾಡಿತು. ಟೆಲಿಗ್ರಾಫ್ ಕಂಬಕ್ಕೂ 400 ಕೆ.ವಿ. ಗೋಪುರಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ! ಕೇಂದ್ರದ 2015ರ ಮಾರ್ಗಸೂಚಿ ಗೋಪುರದ ಬುಡಕ್ಕೆ ಜಮೀನಿನ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ 15 ಎಂದಿತ್ತು. 2024ರಲ್ಲಿ ಅದು ಶೇ 200 ಮತ್ತು ಶೇ 30 ಆಯಿತು. ಒಳ್ಳೆಯ ಹೆಜ್ಜೆ. ಆದರೆ ಇದೂ ಒಂದೇ ಸಲದ ಲೆಕ್ಕ.

ವರ್ಷ ವರ್ಷ ಬಾಡಿಗೆ ಕೊಟ್ಟರೆ ವಿದ್ಯುತ್ ದುಬಾರಿಯಾಗುತ್ತದೆ ಎಂದು ತರಗತಿಯಲ್ಲಿ ಗೆಳೆಯನೊಬ್ಬ ವಾದಿಸಿದ. ಇಬ್ಬರೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಲೆಕ್ಕ ಹಾಕಿದೆವು. 400 ಕೆ.ವಿ. ಮಾರ್ಗಕ್ಕೆ 46 ಮೀಟರ್ ಅಗಲದ ಪಟ್ಟಿ ಬೇಕು. ಅಂದರೆ ಕಿಲೋಮೀಟರಿಗೆ ಸುಮಾರು 11.4 ಎಕರೆ. ಪಾವಗಡದ 21,000 ರೂಪಾಯಿ ದರವನ್ನೇ ಹಿಡಿದರೆ ಕಿಲೋಮೀಟರಿಗೆ ವರ್ಷಕ್ಕೆ 2.4 ಲಕ್ಷ, ನೂರು ಕಿಲೋಮೀಟರಿಗೆ 2.4 ಕೋಟಿ ರೂಪಾಯಿ. ಆ ಮಾರ್ಗ 1,000 ಮೆಗಾವಾಟ್ ಸೌರ ವಿದ್ಯುತ್ ಹೊರುತ್ತದೆ, ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಎಂದಿಟ್ಟುಕೊಳ್ಳಿ. ವರ್ಷಕ್ಕೆ 182 ಕೋಟಿ ಯೂನಿಟ್ ಆಯಿತು. ಭಾಗಿಸಿದರೆ ಯೂನಿಟ್ಟಿಗೆ ಒಂದೂವರೆ ಪೈಸೆಯೂ ಬೀಳುವುದಿಲ್ಲ. ತಂತಿಯ ಕೆಳಗೆ ರೈತ ಬೇಸಾಯ ಮಾಡಬಹುದಾದ್ದರಿಂದ ಪೂರ್ತಿ ದರ ಕೊಡಬೇಕಾಗಿಯೂ ಇಲ್ಲ. ಗೆಳೆಯ ಎರಡು ಸಲ ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿ ಸುಮ್ಮನಾದ.

ಹಣದಷ್ಟೇ ಮುಖ್ಯವಾದದ್ದು ಮೊದಲೇ ಕೇಳುವುದು. ಗೋವಾದ ಮೊಲ್ಲೆಂ ಕಾಡಿನ ಮೂಲಕ 400 ಕೆ.ವಿ. ಮಾರ್ಗಕ್ಕೆ ಹೊಸ ದಾರಿ ಕಡಿಯುವ ಯೋಜನೆಗೆ ಜನ ವಿರೋಧಿಸಿದರು. 2022ರಲ್ಲಿ ಸುಪ್ರೀಂ ಕೋರ್ಟ್, ಈಗಾಗಲೇ ಇರುವ 220 ಕೆ.ವಿ. ಮಾರ್ಗದ ಜಾಗವನ್ನೇ ಬಳಸಿ ಎಂದಿತು. ಬೇರೆ ದಾರಿ ಇತ್ತು ಎಂದಾಯಿತು. ಅದನ್ನು ನಕ್ಷೆ ಬರೆಯುವಾಗಲೇ ಹುಡುಕಿದ್ದರೆ ಕೋರ್ಟಿನಲ್ಲಿ ಕಳೆದ ಕಾಲ ಉಳಿಯುತ್ತಿತ್ತು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಟೆಂಡರ್ ಕರೆಯುವ ಮೊದಲೇ ಸರ್ವೆ ನಂಬರ್ ಸಹಿತ ಮಾರ್ಗದ ನಕ್ಷೆಯನ್ನು ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಿ, ಗ್ರಾಮಸಭೆ ಕರೆದು ಆಕ್ಷೇಪ ಕೇಳಲಿ. ಹಳೆಯ ಮಾರ್ಗದ ಜಾಗ ಸಾಲುವಲ್ಲಿ ಹೊಸ ಪಟ್ಟಿ ಕೇಳದಿರಲಿ. ಒಂದೇ ಸಲದ ಪರಿಹಾರವೋ, ವಾರ್ಷಿಕ ಬಾಡಿಗೆಯೋ ಎಂಬ ಆಯ್ಕೆ ರೈತನದ್ದಾಗಲಿ.

ನಮ್ಮ ಪಠ್ಯದಲ್ಲಿ ತಂತಿ ಎಷ್ಟು ಜೋಲುತ್ತದೆ, ಇನ್ಸುಲೇಟರ್ ಎಷ್ಟು ಬೇಕು ಎಂಬ ಲೆಕ್ಕಗಳಿವೆ. ಕೆಳಗಿನ ಜಮೀನು ಯಾರದು ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿಲ್ಲ. ಇನ್ನೆರಡು ವರ್ಷಕ್ಕೆ ನನ್ನ ತರಗತಿಯ ಕೆಲವರು ಇಂಥ ಮಾರ್ಗಗಳ ಸರ್ವೆಗೇ ಹೋಗಬಹುದು, ನಾನೂ ಹೋಗಬಹುದು. ಮರಕ್ಕೆ ಬಣ್ಣ ಬಳಿಯುವ ಮುಂಚೆ ಮರ ಬೆಳೆಸಿದವರ ಮನೆಗೆ ಹೋಗಿ ಮಾತಾಡುವುದನ್ನು ನಾವಾದರೂ ರೂಢಿ ಮಾಡಿಕೊಳ್ಳೋಣ.