ನೆಲವೂ ಡೊಂಕಿರಬಹುದು: ಮೊದಲ ಗಿಟಾರು ಕೊಳ್ಳುವವರಿಗೆ ಒಂದು ಮಾತು

"ಕುಣಿಯಲಾರದವಳು ನೆಲ ಡೊಂಕು ಎಂದಳು" ಎಂಬುದು ನಮ್ಮ ಹಿರಿಯರ ಗಾದೆ. ತಮ್ಮ ಕೊರತೆಗೆ ಪರರನ್ನು ಹೊಣೆ ಮಾಡುವವರನ್ನು ಹಾಸ್ಯ ಮಾಡಲು ಇದು ಬಹಳ ಉಪಯುಕ್ತವಾದ ಗಾದೆಯೇ ಸರಿ. ಆದರೆ ಈ ಗಾದೆಯನ್ನು ಆಡುವವರಲ್ಲಿ ಎಷ್ಟು ಮಂದಿ ಬಾಗಿ ಆ ನೆಲವನ್ನು ಒಮ್ಮೆ ನೋಡಿದ್ದಾರೆ? ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯಬಲ್ಲವಳೂ ಎಡವುವಳಲ್ಲವೆ? ಗಿಟಾರು ಕಲಿಯಲೆಳಸಿ ನಡುವೆಯೇ ಕೈಬಿಟ್ಟ ನಮ್ಮ ಸಹಪಾಠಿಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಬೇಕಾಗಿದೆ ಎಂದು ನನ್ನ ಅಭಿಪ್ರಾಯ.

ವಿದ್ಯಾರ್ಥಿನಿಲಯದ ಕೊಠಡಿಗಳನ್ನು ಬಲ್ಲವರಿಗೆ ಈ ದೃಶ್ಯ ಹೊಸದಲ್ಲ. ಕಪಾಟಿನ ಹಿಂದೆ ಒಂದು ಗಿಟಾರು ಧೂಳು ತಿನ್ನುತ್ತ ನಿಂತಿರುತ್ತದೆ. ಕೆಂಪೋ ನೀಲಿಯೋ ಬಣ್ಣ ಬಳಿದ ಮಿರುಗುವ ಮೈ. ಹರಿದ ಒಂದೆರಡು ತಂತಿಗಳು. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣವನ್ನೋ, ರಜೆಯಲ್ಲಿ ದುಡಿದ ಕೂಲಿಯನ್ನೋ ಹಾಕಿ ಅದನ್ನು ಕೊಂಡವನು ಮೊದಲ ತಿಂಗಳು ಊಟ ಮರೆತು ಬಾರಿಸಿರುತ್ತಾನೆ; ಮೂರನೆಯ ತಿಂಗಳಿಗೆ ಅದನ್ನು ಮುಟ್ಟುವುದಿಲ್ಲ. ಕಾರಣ ಕೇಳಿದರೆ "ನನಗೆ ಒಲಿಯಲಿಲ್ಲ" ಎನ್ನುತ್ತಾನೆ. ಮನೆಯವರು "ಮೊದಲೇ ಹೇಳಿರಲಿಲ್ಲವೆ?" ಎನ್ನುತ್ತಾರೆ. ಹೀಗೆ ಒಬ್ಬ ತರುಣನ ಸಂಗೀತದ ಮೇಲೆ ತೀರ್ಪು ಬಿದ್ದುಹೋಗುತ್ತದೆ. ಉಳ್ಳವರ ಮಕ್ಕಳು ಒಂದು ವಾದ್ಯ ಸರಿಯಿಲ್ಲದಿದ್ದರೆ ಮತ್ತೊಂದನ್ನು ಕೊಂಡಾರು. ನಮ್ಮಂತಹವರಿಗೆ ಎರಡನೆಯ ಅವಕಾಶವಿಲ್ಲ. ಆದುದರಿಂದ ಮೊದಲನೆಯ ಗಿಟಾರನ್ನು ಆರಿಸುವುದು ನಮಗೆ ಸಣ್ಣ ವಿಷಯವಲ್ಲ.

ವಾದ್ಯದ ಸ್ವರೂಪವನ್ನು ಸ್ವಲ್ಪ ವಿಚಾರಿಸೋಣ. ಗಿಟಾರಿನ ಕತ್ತಿನ ಮೇಲೆ, ವೀಣೆಯ ಮೆಟ್ಟಿಲುಗಳಂತೆ, ಲೋಹದ ಅಡ್ಡಪಟ್ಟಿಗಳಿರುತ್ತವೆ. ಇವಕ್ಕೆ ಫ್ರೆಟ್ ಎಂದು ಹೆಸರು. ಎಡಗೈಯ ಬೆರಳು ತಂತಿಯನ್ನು ಒತ್ತಿ ಫ್ರೆಟ್ಟಿಗೆ ತಾಗಿಸಿದಾಗ ಸ್ವರ ನಿಲ್ಲುತ್ತದೆ. ಸಾಧಾರಣ ದಪ್ಪದ ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಬಿಗಿದಾಗ ಅವೆಲ್ಲ ಸೇರಿ ಎಳೆಯುವ ಬಲ 70 ಕಿಲೋಗ್ರಾಂ ತೂಕಕ್ಕೂ ಮಿಕ್ಕಿದುದು. ಒಬ್ಬ ಬೆಳೆದ ಮನುಷ್ಯನನ್ನು ಹಗಲಿರುಳೂ ಆ ಕತ್ತಿಗೆ ಜೋತುಹಾಕಿದ ಹಾಗೆ. ಚೆನ್ನಾಗಿ ಒಣಗದ ಮರದಿಂದ ಅವಸರದಲ್ಲಿ ಮಾಡಿದ ಕತ್ತು ಈ ಎಳೆತಕ್ಕೆ ಬಾಗುತ್ತದೆ. ತಂತಿಗಳು ಫ್ರೆಟ್ಟಿನಿಂದ ಮೇಲೇಳುತ್ತವೆ. 12ನೆಯ ಫ್ರೆಟ್ಟಿನ ಬಳಿ ದಪ್ಪ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 2.5 ಮಿಲಿಮೀಟರ್, ತೆಳು ತಂತಿಗೆ ಸುಮಾರು 2 ಮಿಲಿಮೀಟರ್ ಅಂತರವಿದ್ದರೆ ಕೈಗೆ ಹಿತ. ಅದು 4 ಅಥವಾ 5 ಮಿಲಿಮೀಟರ್ ಆದರೆ ನುರಿತವನಿಗೂ ಕಷ್ಟ.

ಕಷ್ಟ ಬೆರಳಿಗೆ ಮಾತ್ರವಲ್ಲ. ಎತ್ತರದ ತಂತಿಯನ್ನು ಕೆಳಗೊತ್ತುವಾಗ ಅದು ಹಿಗ್ಗಿ ಬಿಗಿಯಾಗುತ್ತದೆ; ಬಿಗಿಯಾದ ತಂತಿಯ ಸ್ವರ ಮೇಲೇರುತ್ತದೆ. ಬಿಡಿ ತಂತಿಗಳನ್ನು ಎಷ್ಟೇ ಶ್ರುತಿ ಮಾಡಿದ್ದರೂ ಒತ್ತಿದೊಡನೆ ಅಪಸ್ವರ. ಇಲ್ಲಿರುವ ಅನ್ಯಾಯವನ್ನು ಗಮನಿಸಬೇಕು. ಕಲಿಯುವವನ ಕಿವಿ ಅಪಸ್ವರವನ್ನು ಗುರುತಿಸಿದೆ. ಎಂದರೆ ಕಿವಿ ಒಳ್ಳೆಯದೇ ಇದೆ. ಆದರೆ ಅವನು ತನ್ನ ಕಿವಿಯನ್ನೂ ಬೆರಳನ್ನೂ ಸಂದೇಹಿಸುತ್ತಾನೆಯೇ ಹೊರತು ಮಿರುಗುವ ಆ ಮರವನ್ನು ಸಂದೇಹಿಸುವುದಿಲ್ಲ.

"ಯಾವ ವಿದ್ಯೆ ತಾನೆ ನೋವಿಲ್ಲದೆ ಬಂದೀತು?" ಎಂದು ಕೆಲವರು ಕೇಳಬಹುದು. ಮಾತು ನಿಜ. ಉಕ್ಕಿನ ತಂತಿ ಎಡಗೈಯ ಬೆರಳ ತುದಿಗಳನ್ನು ಕೆಲವು ವಾರ ನೋಯಿಸುತ್ತದೆ. ಅನಂತರ ಚರ್ಮ ಗಟ್ಟಿಯಾಗಿ ನೋವು ಹೋಗುತ್ತದೆ. ಈ ನೋವನ್ನು ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ ನೋವು ಬಂದರೆ, ಎರಡು ತಿಂಗಳ ಅಭ್ಯಾಸದ ಮೇಲೂ ಮೊದಲನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಲಾಗದಿದ್ದರೆ, ಅದನ್ನು ತಪಸ್ಸು ಎಂದು ಸಹಿಸಬೇಕಾಗಿಲ್ಲ. ಕುಳಿತು ಹಿಡಿಯುವ ರೀತಿಯನ್ನು ಬಲ್ಲವರಿಗೆ ತೋರಿಸಿ, ಅದು ಸರಿಯಿದ್ದರೆ ವಾದ್ಯವನ್ನು ಪರೀಕ್ಷಿಸಬೇಕು.

ಪರೀಕ್ಷೆ ಅಂಗಡಿಯಲ್ಲಿಯೇ ಆಗಬೇಕು. ಧಾರವಾಡದ ಕಡೆಯ ಗಾಯಕರು ಮಿರಜಿನಲ್ಲಿ ತಂಬೂರಿ ಕೊಳ್ಳುವಾಗ ಕುಸುರಿಯನ್ನು ನೋಡಿ ಹಣ ಎಣಿಸುವುದಿಲ್ಲ. ತಂತಿ ಮೀಟಿ, ಜವಾರಿ ಬಿಚ್ಚಿತೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುತ್ತಾರೆ. ನಾವಾದರೋ ಗಿಟಾರಿನ ಬಣ್ಣಕ್ಕೂ, ಅದರ ಜೊತೆ ಕೊಡುವ ಚೀಲ, ಪಟ್ಟಿ, ಮೀಟುವ ಬಿಲ್ಲೆಗಳಿಗೂ ಮನಸೋಲುತ್ತೇವೆ. ಅಂಗಡಿಗೆ ಹೋಗುವಾಗ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲು ಒಂದನ್ನು ಒಯ್ದರೆ ಸಾಕು.

ಮೊದಲನೆಯದಾಗಿ, ಕತ್ತಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆಯನ್ನು ನೋಡುವಂತೆ ನೋಡಬೇಕು. ಅತಿ ಸ್ವಲ್ಪ ಬಾಗು ಇರುವುದು ಸಹಜ. ತಿರುಚಿಕೊಂಡಿದ್ದರೆ ಅದನ್ನು ಅಲ್ಲಿಯೇ ಬಿಡಬೇಕು. ಎರಡನೆಯದಾಗಿ, 12ನೆಯ ಫ್ರೆಟ್ಟಿನ ಬಳಿ ಅಂತರವನ್ನು ಅಳೆಯಬೇಕು. ಮೂರನೆಯದಾಗಿ, ಆರೂ ತಂತಿಗಳನ್ನು ಪ್ರತಿಯೊಂದು ಫ್ರೆಟ್ಟಿನಲ್ಲಿಯೂ ಒತ್ತಿ ಮೀಟಬೇಕು. ಎಲ್ಲಿಯಾದರೂ ಗಿರ್ ಎಂಬ ಸದ್ದು ಬಂದರೆ, ಸ್ವರ ಸತ್ತುಹೋದರೆ, ಫ್ರೆಟ್ಟುಗಳು ಸಮವಾಗಿಲ್ಲ. ನಾಲ್ಕನೆಯದು ಬಹು ಮುಖ್ಯ. 12ನೆಯ ಫ್ರೆಟ್ ತಂತಿಯ ನಟ್ಟನಡುವೆ ಇರುತ್ತದೆ. ಅಲ್ಲಿ ತಂತಿಯನ್ನು ಒತ್ತದೆ ಬೆರಳನ್ನು ಸೋಕಿಸಿ ಮೀಟಿದರೆ ಗಂಟೆಯಂತಹ ನಾದ ಬರುತ್ತದೆ. ಅದೇ ಸ್ಥಾನದಲ್ಲಿ ಒತ್ತಿ ಮೀಟಿದಾಗಲೂ ಅದೇ ಸ್ವರ ಬರಬೇಕು. ಎರಡಕ್ಕೂ ಹೊಂದಿಕೆಯಿಲ್ಲದಿದ್ದರೆ ಆ ವಾದ್ಯ ಹಾಗೆಯೇ ಇರುವವರೆಗೆ ಶ್ರುತಿಯಲ್ಲಿ ನಿಲ್ಲದು. ಶ್ರುತಿ ತೋರಿಸುವ ಸಾಧನ ಈಗ ಮೊಬೈಲಿನಲ್ಲಿ ಹಣವಿಲ್ಲದೆ ದೊರೆಯುವುದರಿಂದ ಕಿವಿ ಪಳಗದವರೂ ಈ ಪರೀಕ್ಷೆಯನ್ನು ಮಾಡಬಹುದು. ಕಡೆಯದಾಗಿ, ಬಿರಡೆಗಳು ಸರಾಗವಾಗಿ ತಿರುಗುತ್ತವೆಯೆ, ತಂತಿಗಳನ್ನು ಹೊತ್ತ ಕುದುರೆ ಹಲಗೆಯಿಂದ ಎದ್ದಿಲ್ಲವಷ್ಟೆ, ಕತ್ತಿನ ಅಂಚಿನಲ್ಲಿ ಫ್ರೆಟ್ಟಿನ ತುದಿ ಕೈಗೆ ಚುಚ್ಚುವುದಿಲ್ಲವಷ್ಟೆ ಎಂದು ನೋಡಬೇಕು. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಮನೆಗೆ ತರಿಸಿಕೊಳ್ಳುವವರಿಗೆ ಈ ಹತ್ತು ನಿಮಿಷ ಮುಂಚಿತವಾಗಿ ದೊರೆಯುವುದಿಲ್ಲ. ಅಂತಹವರು ಹಿಂದಿರುಗಿಸುವ ಅವಕಾಶವಿದ್ದಲ್ಲಿ ಮಾತ್ರ ಕೊಂಡು, ಬಂದ ದಿನವೇ ಇವೆಲ್ಲವನ್ನೂ ನೋಡಿಬಿಡುವುದು ವಿವೇಕ.

ತಂತಿಯ ಎತ್ತರವೊಂದೇ ದೋಷವಾದರೆ ಅದಕ್ಕೆ ಪರಿಹಾರವುಂಟು. ಕುದುರೆಯ ಮೇಲಿನ ಬಿಳಿಯ ಪಟ್ಟಿಯನ್ನು ಹೊರತೆಗೆದು ಅದರ ತಳವನ್ನು ಮರಳು ಕಾಗದದ ಮೇಲೆ ಸಮನಾಗಿ ಉಜ್ಜಿದರೆ ತಂತಿ ಇಳಿಯುತ್ತದೆ. ಪಟ್ಟಿಯಲ್ಲಿ 2 ಮಿಲಿಮೀಟರ್ ಸವೆಸಿದರೆ ತಂತಿಯ ನಡುವಿನ 12ನೆಯ ಫ್ರೆಟ್ಟಿನಲ್ಲಿ 1 ಮಿಲಿಮೀಟರ್ ಇಳಿದೀತು. ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆಯಿದ್ದರೆ ಬಾಗನ್ನೂ ತಿದ್ದಬಹುದು. ಅದಿಲ್ಲದ ಉಕ್ಕಿನ ತಂತಿಯ ಗಿಟಾರನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಈ ರಿಪೇರಿಯನ್ನು ಬಲ್ಲವರ ಕೈಯಲ್ಲಿ ಮಾಡಿಸುವುದು ಮೇಲು. ಸವೆಸಿದ್ದನ್ನು ಮತ್ತೆ ಬೆಳೆಸಲು ಬರುವುದಿಲ್ಲ.

ಇನ್ನು ಮರದ ವಿಚಾರ. ಇಡಿಯ ಹಲಗೆಯ ಗಿಟಾರೇ ಗಿಟಾರು, ಪದರಗಳನ್ನು ಅಂಟಿಸಿದ ಪ್ಲೈವುಡ್ಡಿನದು ಕೀಳು ಎಂದು ಹೇಳುವವರುಂಟು. ಇಡಿಯ ಹಲಗೆಯ ನಾದ ಹೆಚ್ಚು ತುಂಬಿದುದು, ಸಂದೇಹವಿಲ್ಲ. ಆದರೆ ಅದು ಗಾಳಿಯ ತೇವಕ್ಕೆ ಬೇಗ ಉಬ್ಬಿ ಕುಗ್ಗುತ್ತದೆ. ಮಲೆನಾಡಿನ ಆಷಾಢದಲ್ಲಿ ಬಟ್ಟೆಯೇ ಒಣಗದಿರುವಾಗ, ಬಯಲುಸೀಮೆಯ ಚೈತ್ರದಲ್ಲಿ ಬಾಗಿಲ ಹಲಗೆಯೇ ಬಿರಿಯುವಾಗ, ಆ ವಾದ್ಯವನ್ನು ಕಾಪಾಡುವ ಅನುಕೂಲ ವಿದ್ಯಾರ್ಥಿಗೆ ಎಲ್ಲಿಯದು? ಕಲಿಯುವವನಿಗೆ ಪದರದ ಹಲಗೆಯ ಗಿಟಾರು ನಾಚಿಕೆಯ ವಸ್ತುವಲ್ಲ. ಆರಂಭದ ವಿದ್ಯಾರ್ಥಿಗಳು ಬಹುಕಾಲದಿಂದ ಬಳಸುತ್ತ ಬಂದಿರುವ ಯಮಹಾ ಎಫ್ 310 ಪದರದ ಹಲಗೆಯದೇ. ಹಲಗೆಗಿಂತ ಕೆಲಸಗಾರಿಕೆ ದೊಡ್ಡದು. 19ನೆಯ ಶತಮಾನದ ಸ್ಪೇನಿನಲ್ಲಿ ಅಂತೋನಿಯೊ ದೆ ತೊರೆಸ್ ಎಂಬ ಮಹಾಶಿಲ್ಪಿಯಿದ್ದ. ಇಂದಿನ ಗಿಟಾರಿನ ರೂಪ ಬಹುಮಟ್ಟಿಗೆ ಅವನು ಕೊಟ್ಟದ್ದು. ನಾದ ಹುಟ್ಟುವುದು ಮೇಲು ಹಲಗೆಯ ಕೆಲಸದಿಂದಲೇ ಎಂದು ತೋರಿಸಲು ಅವನು 1862ರಲ್ಲಿ ಬೆನ್ನನ್ನೂ ಪಕ್ಕೆಗಳನ್ನೂ ಕಾಗದದ ರಟ್ಟಿನಿಂದ ಮಾಡಿ ಒಂದು ಗಿಟಾರು ಕಟ್ಟಿದ. ಅದು ಈಗಲೂ ಬಾರ್ಸಿಲೋನದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಬೆರಳು ಮೃದುವಾದವರು ನೈಲಾನ್ ತಂತಿಯ ಗಿಟಾರನ್ನು ಯೋಚಿಸಬಹುದು. ಅದರ ಎಳೆತ ಒಟ್ಟು ಸುಮಾರು 40 ಕಿಲೋಗ್ರಾಂ ಮಾತ್ರ. ಆದರೆ ಕತ್ತು ಅಗಲ, ಸಿನಿಮಾ ಹಾಡುಗಳ ಝಣತ್ಕಾರ ಅದರಲ್ಲಿ ಕಡಿಮೆ. ಅದಕ್ಕೆ ಉಕ್ಕಿನ ತಂತಿಯನ್ನು ಮಾತ್ರ ಎಂದೂ ಬಿಗಿಯಬಾರದು, ಕುದುರೆಯೇ ಕಿತ್ತುಬಂದೀತು. ಉಕ್ಕಿನದೇ ಬೇಕೆಂದರೆ ತೆಳು ತಂತಿಗಳ ಜೊತೆಯನ್ನು ಹಾಕಿಸಿಕೊಂಡರೆ ನೋವು ಎಷ್ಟೋ ಕಡಿಮೆ.

ಹಣದ ಮಾತಿಗೆ ಬರೋಣ. ಎರಡು ಎರಡೂವರೆ ಸಾವಿರ ರೂಪಾಯಿಯ ಗಿಟಾರುಗಳಲ್ಲಿ ಈ ಪರೀಕ್ಷೆಗಳನ್ನು ದಾಟುವುದು ವಿರಳ. ಏಳೆಂಟು ಸಾವಿರದ ಸುತ್ತಿನಲ್ಲಿ ದಾಟುವವು ದೊರೆಯುತ್ತವೆ. ಅಷ್ಟು ಹಣ ಕೂಡುವವರೆಗೆ ಕಾಯುವುದು, ಇಲ್ಲವೆ ಒಳ್ಳೆಯ ವಾದ್ಯವೊಂದನ್ನು ಬಳಸಿದವರಿಂದ ಅರ್ಧ ಬೆಲೆಗೆ ಕೊಳ್ಳುವುದು, ಇವೆರಡೂ ಅಗ್ಗದ ಹೊಸದಕ್ಕಿಂತ ಲೇಸು. ವಿದ್ಯುತ್ ಸಂಪರ್ಕದ ಸಾಧನಗಳುಳ್ಳ ಗಿಟಾರಿಗೆ ಹೆಚ್ಚು ಕೊಡುವುದು ಕಲಿಯುವವನಿಗೆ ವ್ಯರ್ಥ. ಆ ಹಣ ಮರಕ್ಕೂ ಕತ್ತಿಗೂ ಸಲ್ಲಲಿ. ಇದ್ದ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಹೊಸ ತಂತಿಗೂ ತಂತಿಯ ಎತ್ತರವನ್ನು ಸರಿಪಡಿಸುವುದಕ್ಕೂ ಎತ್ತಿಡಬೇಕು.

ಪರದೇಶದ ವಾದ್ಯಕ್ಕೆ ಇಷ್ಟೊಂದು ಆಸ್ಥೆಯೇಕೆ ಎಂದು ಹಿರಿಯರು ಕೇಳಬಹುದು. ಪಿಟೀಲು ಎಲ್ಲಿಂದ ಬಂದಿತು? ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ತಂದರು, ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನಮ್ಮದೇ ಮಾಡಿದರು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕೀರ್ತನೆಗಳನ್ನು ನುಡಿಸಿದರು. ಗಿಟಾರನ್ನೇ ಮಾರ್ಪಡಿಸಿ ಮೋಹನವೀಣೆ ಮಾಡಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ವಾದ್ಯಕ್ಕೆ ಜಾತಿಯಿಲ್ಲ, ನುಡಿಸುವವನ ಮನೆಯೇ ಅದರ ಮನೆ.

ಕೊನೆಯದಾಗಿ ನಮ್ಮ ಕಾಲೇಜಿನ ಹಿರಿಯರಲ್ಲಿ ಒಂದು ವಿನಂತಿ. ಕ್ರಿಕೆಟ್ ಆಡಬಯಸುವವನು ಬ್ಯಾಟು ಕೊಂಡು ತರಲಿ ಎಂದು ಕಾಲೇಜು ಹೇಳುವುದಿಲ್ಲ. ಓದಬಯಸುವವನು ಗ್ರಂಥಗಳನ್ನೆಲ್ಲ ಕೊಳ್ಳಲಿ ಎಂದೂ ಹೇಳುವುದಿಲ್ಲ. ಕ್ರೀಡಾ ವಿಭಾಗವಿದೆ, ಗ್ರಂಥಾಲಯವಿದೆ. ಸಂಗೀತಕ್ಕೆ ಮಾತ್ರ "ನಿನ್ನ ವಾದ್ಯ ನೀನೇ ತಾ" ಎಂಬ ನಿಯಮವೇಕೆ? ಚೆನ್ನಾಗಿ ಪರೀಕ್ಷಿಸಿ ಆರಿಸಿದ ಎರಡು ಗಿಟಾರುಗಳನ್ನು, ಹಾಗೆಯೇ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲವನ್ನು ಸಾಂಸ್ಕೃತಿಕ ಸಮಿತಿ ಕೊಂಡು, ಪುಸ್ತಕದಂತೆ ಹದಿನೈದು ದಿನಗಳ ಅವಧಿಗೆ ಸಹಿ ಪಡೆದು ಎರವಲು ಕೊಡಲಿ. ಹರಿದ ತಂತಿಯ ವೆಚ್ಚವನ್ನು ಪಡೆದವನು ಭರಿಸಲಿ. ಹೀಗಾದರೆ ಕಲಿಯಬಯಸುವವನು ಹಣ ಹೂಡುವ ಮೊದಲೇ ತನ್ನ ಒಲವನ್ನು ಅಳೆದುಕೊಂಡಾನು. ಒಳ್ಳೆಯ ವಾದ್ಯದ ನಾದವನ್ನೊಮ್ಮೆ ಕೇಳಿದ ಕಿವಿ ಅನಂತರ ಅಂಗಡಿಯ ಬಣ್ಣಕ್ಕೆ ಮರುಳಾಗದು. ಆ ಬಳಿಕವೂ ಯಾರಾದರೂ ಗಿಟಾರನ್ನು ಕೆಳಗಿಟ್ಟರೆ ಇಡಲಿ. ಎಲ್ಲರೂ ವಾದಕರಾಗಬೇಕೆಂಬ ನಿರ್ಬಂಧವೇನಿಲ್ಲ. ಆದರೆ ಕೆಟ್ಟ ಮರದ ತುಂಡೊಂದು ಕೊಟ್ಟ ತೀರ್ಪನ್ನು ನಂಬಿ ಯಾರೂ ಹಾಗೆ ಮಾಡದಿರಲಿ ಎಂಬುದಷ್ಟೇ ನನ್ನ ಬಿನ್ನಹ.