ಕಂದು ಹಾಕಿಸಿದ ಕಂಬಳಿಹುಳು

ಹಸು, ಎಮ್ಮೆ ಕಟ್ಟಿದ ಮನೆಗಳಲ್ಲಿ ‘ಕಂದು ಹಾಕಿತು’ ಎಂಬ ಮಾತು ಕೇಳಿದರೆ ಸಾಕು, ಎಲ್ಲರ ಮುಖವೂ ಸಪ್ಪಗಾಗುತ್ತದೆ. ದಿನ ತುಂಬುವ ಮೊದಲೇ ಗಬ್ಬ ಹೋಯಿತು ಎಂದು ಅದರ ಅರ್ಥ. ಕುದುರೆ ಸಾಕುವವರಿಗೂ ಈ ಭಯ ತಪ್ಪಿದ್ದಲ್ಲ. ಹೆಣ್ಣು ಕುದುರೆ ಗಬ್ಬ ಹೊರುವುದು ಸುಮಾರು 11 ತಿಂಗಳು. ಅಷ್ಟು ಕಾದ ಮೇಲೆ ಸಿಗುವುದು ಒಂದೇ ಮರಿ.

ಒಂದೇ ಏಕೆ? ಕುದುರೆಯಲ್ಲಿ ಮಾಸು ಗರ್ಭಕೋಶದ ಒಳಮೈಯನ್ನು ಹೆಚ್ಚುಕಡಿಮೆ ಪೂರ್ತಿ ಆವರಿಸಿ ತಾಯಿಯಿಂದ ಆಹಾರ ಪಡೆಯುತ್ತದೆ. ಅವಳಿ ಮರಿಗಳಿದ್ದರೆ ಈ ಜಾಗವನ್ನೇ ಎರಡೂ ಹಂಚಿಕೊಳ್ಳಬೇಕು. ಯಾವುದಕ್ಕೂ ಹೊಟ್ಟೆ ತುಂಬುವುದಿಲ್ಲ, ಬಹಳಷ್ಟು ಸಲ ಎರಡೂ ಹೋಗುತ್ತವೆ. ಆದ್ದರಿಂದಲೇ ಈಗ ಪಶುವೈದ್ಯರು ಗಬ್ಬ ನಿಂತ ಸುಮಾರು 15ನೇ ದಿನಕ್ಕೇ ಅಲ್ಟ್ರಾಸೌಂಡ್ ಮೂಲಕ ನೋಡಿ, ಅವಳಿ ಕಂಡರೆ ಒಂದನ್ನು ಆಗಲೇ ತೆಗೆದುಬಿಡುತ್ತಾರೆ. ನಿಷ್ಠುರವೆನಿಸಿದರೂ ಇನ್ನೊಂದನ್ನು ಉಳಿಸುವ ದಾರಿ ಅದೇ. ಹೊಕ್ಕುಳಬಳ್ಳಿ ತಿರುಚಿಕೊಳ್ಳುವುದು, ಬ್ಯಾಕ್ಟೀರಿಯಾಗಳು ಗರ್ಭಕೋಶದ ಬಾಯಿಂದ ಮೇಲೇರಿ ಮಾಸಿಗೆ ಸೋಂಕು ತಗಲಿಸುವುದು, ತಾಯಿಗೆ ವಯಸ್ಸಾಗಿರುವುದು, ಇವೂ ಕಾರಣಗಳೇ. ಹರ್ಪಿಸ್ ಜಾತಿಯ ಒಂದು ವೈರಸ್ಸಂತೂ ಒಂದು ಲಾಯಕ್ಕೆ ಹೊಕ್ಕರೆ ಸಾಲುಸಾಲಾಗಿ ಕಂದು ಹಾಕಿಸಬಲ್ಲದು. ಅದಕ್ಕೆ 5, 7 ಮತ್ತು 9ನೇ ತಿಂಗಳುಗಳಲ್ಲಿ ಲಸಿಕೆ ಕೊಡುವ ರೂಢಿಯಿದೆ.

ಇವೆಲ್ಲ ಗೊತ್ತಿದ್ದ ವೈರಿಗಳು. 2001ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಎದುರಾದದ್ದು ಮಾತ್ರ ಯಾರಿಗೂ ಗೊತ್ತಿಲ್ಲದ ವೈರಿ.

ಕೆಂಟಕಿಯ ಲೆಕ್ಸಿಂಗ್ಟನ್ ಸುತ್ತಮುತ್ತಲಿನ ಸುಣ್ಣಕಲ್ಲಿನ ನೆಲ ಪಂದ್ಯದ ಕುದುರೆಗಳಿಗೆ ಹೆಸರುವಾಸಿ. ಆ ವರ್ಷ ಏಪ್ರಿಲ್ ಕೊನೆಯಲ್ಲಿ ಅಲ್ಲಿನ ಹುಲ್ಲುಗಾವಲುಗಳಲ್ಲಿ ಮೇಯುತ್ತಿದ್ದ ಕುದುರೆಗಳು ಇದ್ದಕ್ಕಿದ್ದಂತೆ ಕಂದು ಹಾಕತೊಡಗಿದವು. ಕೆಲವಕ್ಕೆ ಗಬ್ಬ ನಿಂತು ಎರಡು ಮೂರು ತಿಂಗಳಷ್ಟೇ ಆಗಿತ್ತು, ಕೆಲವು ಈಯುವುದಕ್ಕೆ ಬಂದಿದ್ದವು. ದಿನ ತುಂಬಿದ ಕುದುರೆಗಳಲ್ಲಿ ಮರಿಗಿಂತ ಮೊದಲು ಕೆಂಪು ಚೀಲದಂತೆ ಮಾಸೇ ಹೊರಬರುತ್ತಿತ್ತು. ಮಾಸು ಕಳಚಿದರೆ ಒಳಗಿನ ಮರಿಗೆ ಆಮ್ಲಜನಕವೆಲ್ಲಿ? ಮೇ 5ರಂದು ಪ್ರಸಿದ್ಧ ಕೆಂಟಕಿ ಡರ್ಬಿ ಓಡುವ ಹೊತ್ತಿಗೆ ಲೆಕ್ಸಿಂಗ್ಟನ್ನಿನ ಜಾನುವಾರು ರೋಗಪತ್ತೆ ಕೇಂದ್ರಕ್ಕೆ ದಿನವೂ ಹತ್ತಾರು ಸತ್ತ ಮರಿಗಳು ಬರುತ್ತಿದ್ದವು. 2001 ಮತ್ತು 2002ರಲ್ಲಿ ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಮರಿಗಳು ಹೋದವು. ನಷ್ಟದ ಅಂದಾಜು 50 ಕೋಟಿ ಡಾಲರ್‌ವರೆಗೂ ಏರಿತು. ವಿಚಿತ್ರವೆಂದರೆ ಹೆಚ್ಚಿನ ತಾಯಿ ಕುದುರೆಗಳಿಗೆ ಏನೂ ಆಗಿರಲಿಲ್ಲ. ಜ್ವರವಿಲ್ಲ, ಮೇವು ಬಿಟ್ಟಿರಲಿಲ್ಲ.

ವೈರಸ್ ಹುಡುಕಿದರು, ಸಿಗಲಿಲ್ಲ. ಹುಲ್ಲಿನೊಳಗಿನ ಬೂಷ್ಟಿನ ವಿಷವಿರಬಹುದೇ ಎಂದು ನೋಡಿದರು, ಅದೂ ಹೊಂದಲಿಲ್ಲ. ಆದರೆ ಆ ವಸಂತದಲ್ಲಿ ಇನ್ನೊಂದು ಸಂಗತಿ ಎಲ್ಲರ ಕಣ್ಣಿಗೆ ಬಿದ್ದಿತ್ತು. ಬೇಲಿಸಾಲಿನ ಕಾಡು ಚೆರಿ ಮರಗಳಲ್ಲಿ ರೇಷ್ಮೆಯ ಗುಡಾರ ಕಟ್ಟಿಕೊಂಡು ಬಾಳುವ ಒಂದು ಕಂಬಳಿಹುಳು ಲೆಕ್ಕವಿಲ್ಲದಷ್ಟು ಹುಟ್ಟಿತ್ತು. ಮರದ ಎಲೆ ಬೋಳಾದ ಮೇಲೆ ಹುಳುಗಳು ಕೆಳಗಿಳಿದು ಹುಲ್ಲಿನಲ್ಲೂ ನೀರಿನ ತೊಟ್ಟಿಯಲ್ಲೂ ಹರಿದಾಡುತ್ತಿದ್ದವು. ತೋಟ ತೋಟ ಸುತ್ತಿ ಲೆಕ್ಕ ಹಾಕಿದಾಗ, ಹುಳು ಹೆಚ್ಚಿದ್ದ ಕಡೆ ನಷ್ಟವೂ ಹೆಚ್ಚಿತ್ತು.

ಕಾಡು ಚೆರಿಯ ಎಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ. ಹುಳು ಎಲೆ ತಿಂದಿತು, ಕುದುರೆ ಹುಳುವನ್ನು ನುಂಗಿತು, ಸಯನೈಡ್ ಮರಿಯನ್ನು ಕೊಂದಿತು! ಕೇಳಲು ಎಷ್ಟು ಚೆನ್ನಾಗಿದೆ. ಪತ್ರಿಕೆಗಳಿಗೂ ಹಿಡಿಸಿತು. ಆದರೆ ಸಯನೈಡ್ ಮೊದಲು ಹೊಡೆಯಬೇಕಾದದ್ದು ತಾಯಿಯನ್ನಲ್ಲವೇ? ತಾಯಿ ಹುಲ್ಲು ಮೇಯುತ್ತಾ ನಿಂತಿತ್ತು. ಮೇಲಾಗಿ, ಹುಳು ಈ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದೂ ಇಲ್ಲ. ಸುಂದರವಾದ ಊಹೆ ಕುಸಿಯಿತು.

ಹಾಗಿದ್ದರೆ ಹುಳು ನಿರಪರಾಧಿಯೇ? ಹುಳುವೂ ಗರ್ಭನಷ್ಟವೂ ಒಂದೇ ಕಾಲಕ್ಕೆ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಪರೀಕ್ಷಿಸಿಯೇ ನೋಡಬೇಕಿತ್ತು. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಬ್ಬದ ಕುದುರೆಗಳನ್ನು ಐದೈದರ ಮೂರು ಗುಂಪು ಮಾಡಿ, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಒಂದು ಗುಂಪಿಗೆ ಹುಳು, ಇನ್ನೊಂದಕ್ಕೆ ಹುಳುವಿನ ಹಿಕ್ಕೆ, ಮೂರನೆಯದಕ್ಕೆ ಬರೀ ನೀರು ಕೊಟ್ಟರು. ನೀರು ಏಕೆ? ನಳಿಕೆ ಇಳಿಸುವ ಗಾಬರಿಯಿಂದಲೇ ಕಂದು ಹಾಕಿತು ಎಂದು ನಾಳೆ ಯಾರಾದರೂ ಹೇಳಬಾರದಲ್ಲ! ಹುಳು ಹೋದ ಗುಂಪಿನ ಐದರಲ್ಲಿ ನಾಲ್ಕು ಕುದುರೆಗಳು ಕಂದು ಹಾಕಿದವು. ಉಳಿದ ಎರಡು ಗುಂಪುಗಳಲ್ಲಿ ಒಂದೂ ಇಲ್ಲ.

ಹುಳುವಿನ ಯಾವ ಭಾಗದ ಕೆಲಸವಿದು? ಒಳಗಿನ ಮಾಂಸ, ಕರುಳು ತಿನ್ನಿಸಿದರೆ ಏನೂ ಆಗಲಿಲ್ಲ. ಕೂದಲಿರುವ ಹೊರಚರ್ಮ ತಿನ್ನಿಸಿದರೆ ಗಬ್ಬ ಹೋಯಿತು. ಹಂದಿಗಳಿಗೆ ತಿನ್ನಿಸಿದಾಗ ಅವುಗಳಲ್ಲೂ ಕೆಲವು ಕಂದು ಹಾಕಿದವು, ಕರುಳಿನ ಒಳಪದರದಲ್ಲಿ ಹುಳುವಿನ ಕೂದಲಿನ ಚೂರುಗಳು ನಾಟಿಕೊಂಡಿದ್ದವು. ಕಂಬಳಿಹುಳು ಸೋಕಿ ಮೈ ತುರಿಸಿಕೊಂಡವರಿಗೆ ಆ ಕೂದಲಿನ ಗುಣ ಬಿಡಿಸಿ ಹೇಳಬೇಕಿಲ್ಲ. ಸತ್ತ ಮರಿಗಳಲ್ಲಿ ಮತ್ತೆ ಮತ್ತೆ ಸಿಕ್ಕದ್ದು ಹೊಸ ರೋಗಾಣುಗಳಲ್ಲ, ಕುದುರೆಯ ಬಾಯಿ, ಕರುಳಿನಲ್ಲಿ ಸದಾ ಇರುವ ಸಾಧಾರಣ ಬ್ಯಾಕ್ಟೀರಿಯಾಗಳು. ಕೂದಲು ಕರುಳನ್ನು ಚುಚ್ಚುತ್ತದೆ, ತೂತಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ. ತಾಯಿಯ ದೇಹ ಅದನ್ನು ಎದುರಿಸಿ ಗೆಲ್ಲುತ್ತದೆ, ರಕ್ಷಣೆಯಿಲ್ಲದ ಮರಿ ಸೋಲುತ್ತದೆ ಎಂಬುದು ಈಗ ಮುಂದಿರುವ ವಿವರಣೆ. ಇದಿನ್ನೂ ಪೂರ್ತಿ ಸಾಬೀತಾಗಿಲ್ಲ. ಒತ್ತಡದ ಹಬೆಯಲ್ಲಿ ಬೇಯಿಸಿದ ಹುಳುಗಳು ಗಬ್ಬ ಕೆಡಿಸಲಿಲ್ಲ. ಆದರೆ ಆ ಶಾಖಕ್ಕೆ ಬ್ಯಾಕ್ಟೀರಿಯಾವೂ ಸಾಯುತ್ತದೆ, ಚರ್ಮದಲ್ಲಿ ವಿಷದ ಪ್ರೋಟೀನ್ ಇದ್ದಿದ್ದರೆ ಅದೂ ಕೆಡುತ್ತದೆ. ತಪ್ಪಿತಸ್ಥರು ಇವರಿಬ್ಬರಲ್ಲಿ ಯಾರೆಂದು ಈ ಒಂದು ಪ್ರಯೋಗ ಹೇಳಲಾರದು.

ಅದು ತೀರ್ಮಾನವಾಗುವವರೆಗೆ ಕುದುರೆ ಸಾಕುವವರು ಕಾಯಲಿಲ್ಲ. ಬೇಲಿಯ ಚೆರಿ ಮರಗಳನ್ನು ಕಡಿದರು, ವಸಂತದಲ್ಲಿ ಗಬ್ಬದ ಕುದುರೆಗಳನ್ನು ಅಂಥ ಮರಗಳಿಂದ ದೂರ ಮೇಯಿಸಿದರು. 2004ರಲ್ಲಿ ಆಸ್ಟ್ರೇಲಿಯದ ಹಂಟರ್ ಕಣಿವೆಯಲ್ಲಿ ಕುದುರೆಗಳು ಇದೇ ರೀತಿ ಕಂದು ಹಾಕತೊಡಗಿದಾಗ, ಅಲ್ಲಿ ಚೆರಿ ಮರವೂ ಇರಲಿಲ್ಲ, ಆ ಹುಳುವೂ ಇರಲಿಲ್ಲ. ಆದರೂ ಕೆಂಟಕಿಯ ಕಥೆ ಗೊತ್ತಿದ್ದುದರಿಂದ ಅಲ್ಲಿನವರು ಮರಗಳತ್ತ ತಲೆಯೆತ್ತಿದರು. ಒಂದರ ಹಿಂದೊಂದು ಮೆರವಣಿಗೆ ಹೊರಡುವ ಬೇರೊಂದು ಜಾತಿಯ ಕಂಬಳಿಹುಳು ಅಲ್ಲಿ ಸಿಕ್ಕಿತು.