ಕ್ಷಯಾಣುವಿನ ಬಿಡಾರ

ಗುಂಡ್ಲುಪೇಟೆಯ ಹತ್ತಿರದ ಹಳ್ಳಿಯಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ಒಂದು ದಿನ ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತುಕೊಂಡನು. ಅವನ ತಂದೆ ಜಲ್ಲಿ ಕ್ರಷರಿನಲ್ಲಿ ಕೂಲಿ ಮಾಡುವವರು. ಅವರಿಗೆ ಕ್ಷಯ ತಗಲಿ, ಮಾತ್ರೆ ಆರಂಭಿಸಿ ಎರಡು ತಿಂಗಳಾಗಿತ್ತು. ಜ್ವರ ಬಿಟ್ಟಿತ್ತು, ಕೆಮ್ಮು ತಗ್ಗಿತ್ತು, ಊಟ ರುಚಿಸತೊಡಗಿತ್ತು. “ವಾಸಿಯಾದ ಮೇಲೂ ಇನ್ನು ನಾಲ್ಕು ತಿಂಗಳು ಯಾಕೆ ನುಂಗಬೇಕು ಅಂತ ಅಪ್ಪ ಕೇಳ್ತಾರೆ, ಸಾರ್. ಏನು ಹೇಳಲಿ?”

“ಡಾಕ್ಟರು ಹೇಳಿದಂತೆ ಮಾಡಲಿ” ಎಂದುಬಿಟ್ಟೆವು. ಅದು ಉತ್ತರವಲ್ಲವೆಂಬುದು ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮಾತ್ರೆಯನ್ನು ಕೊಟ್ಟು ಕಾರಣವನ್ನು ಕೊಡದಿರುವುದು ಅರ್ಧ ಚಿಕಿತ್ಸೆ ಎಂಬುದು ನಮ್ಮ ಅಭಿಪ್ರಾಯ. ಆ ಕಾರಣವು ಕಾಲೇಜು ವಿದ್ಯಾರ್ಥಿಗೆ ಅರ್ಥವಾಗದಷ್ಟು ಕಠಿನವೇನೂ ಅಲ್ಲ.

1882ನೆಯ ಇಸವಿ ಈ ಕಥೆಗೆ ವಿಚಿತ್ರ ರೀತಿಯಲ್ಲಿ ಮುಖ್ಯವಾದುದು. ಆ ವರ್ಷದ ಮಾರ್ಚ್ 24ರಂದು ರಾಬರ್ಟ್ ಕಾಖ್ ಕ್ಷಯಕ್ಕೆ ಕಾರಣವಾದ ಜೀವಾಣುವನ್ನು ಕಂಡುಹಿಡಿದುದಾಗಿ ಬರ್ಲಿನ್ನಿನಲ್ಲಿ ಸಾರಿದನು. ಅದೇ ವರ್ಷ ಮೆಚ್ನಿಕಾಫ್ ಇಟಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ, ಅದರ ಸುತ್ತ ಜೀವಕೋಶಗಳು ಮುತ್ತುವುದನ್ನು ನೋಡಿದನು. ಹೊರಗಿನಿಂದ ಬಂದುದನ್ನು ನುಂಗಿ ಜೀರ್ಣಿಸುವ ಭಕ್ಷಕ ಕೋಶಗಳ ಕಲ್ಪನೆ ಅಲ್ಲಿಂದ ಹುಟ್ಟಿತು. ನಮ್ಮ ಪಠ್ಯಗಳು ಈ ಎರಡನ್ನೂ ಕಲಿಸುತ್ತವೆ. ಸೈನಿಕ, ಶತ್ರು, ಜಯ ಎಂದು ಮುಗಿಸಿಬಿಡುತ್ತವೆ. ಕ್ಷಯದ ಮಟ್ಟಿಗೆ ಈ ಚಿತ್ರ ತಪ್ಪು. ಇಲ್ಲಿ ಶತ್ರುವು ಸೈನಿಕನ ಹೊಟ್ಟೆಯಲ್ಲಿಯೇ ಬಿಡಾರ ಹೂಡುತ್ತಾನೆ.

ಶ್ವಾಸಕೋಶದ ಗಾಳಿಗೂಡಿಗೆ ಬಂದ ಕ್ಷಯಾಣುವನ್ನು ಭಕ್ಷಕ ಕೋಶವು ಒಂದು ಪುಟ್ಟ ಚೀಲದಲ್ಲಿ ಮುಚ್ಚಿ ಒಳಗೆಳೆದುಕೊಳ್ಳುತ್ತದೆ. ಅನಂತರ ಜೀರ್ಣರಸಗಳಿರುವ ಲೈಸೊಸೋಮ್ ಎಂಬ ಇನ್ನೊಂದು ಚೀಲವು ಇದರೊಡನೆ ಕೂಡಿಕೊಳ್ಳಬೇಕು. ಚೀಲದ ಗೋಡೆಯಲ್ಲಿರುವ ಪಂಪುಗಳು ಒಳಕ್ಕೆ ಹೈಡ್ರೋಜನ್ ಅಯಾನುಗಳನ್ನು ತಳ್ಳಿ ಅದನ್ನು ಹುಳಿಯಾಗಿಸಬೇಕು. ಸಾಮಾನ್ಯ ಜೀವಾಣು ಅಲ್ಲಿ ಕರಗಿಹೋಗುತ್ತದೆ. ಆದರೆ 1971ರಲ್ಲಿ ಲಂಡನ್ನಿನ ಆರ್ಮ್‌ಸ್ಟ್ರಾಂಗ್ ಮತ್ತು ಡಾರ್ಸಿ ಹಾರ್ಟ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಜೀವಂತ ಕ್ಷಯಾಣುವಿದ್ದ ಚೀಲಗಳಲ್ಲಿ ಹೆಚ್ಚಿನವು ಲೈಸೊಸೋಮಿನೊಡನೆ ಕೂಡಿಕೊಂಡಿರಲಿಲ್ಲ. ಪಂಪುಗಳು ಸಾಕಷ್ಟು ಬಂದು ಸೇರದಂತೆಯೂ ಅದು ತಡೆಯುತ್ತದೆಂದು ಮುಂದೆ ತಿಳಿಯಿತು. ಪಿಎಚ್ 5ಕ್ಕೆ ಇಳಿಯಬೇಕಾದ ಚೀಲ 6.4ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. 1.4 ಎಂಬ ಅಂತರ ಚಿಕ್ಕದೆನ್ನಬೇಡಿರಿ. ಲಾಗರಿತಮ್ ಬಲ್ಲ ವಿದ್ಯಾರ್ಥಿ ಲೆಕ್ಕಹಾಕಿದರೆ ಹುಳಿ 25 ಪಟ್ಟು ಕಡಮೆಯೆಂದು ಕಾಣುವುದು.

ಇನ್ನೂ ಸೋಜಿಗದ ಸಂಗತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಅವರ ತಂಡ 2019ರಲ್ಲಿ ಪ್ರಕಟಿಸಿತು. ಕ್ಷಯಾಣುವಿನೊಳಗೆ ಹೊಳೆಯುವ ಒಂದು ಪ್ರೋಟೀನನ್ನು ಇರಿಸಿ, 405 ಮತ್ತು 488 ನ್ಯಾನೋಮೀಟರಿನ ಎರಡು ಬೆಳಕುಗಳಿಗೆ ಅದು ಹೊಳೆಯುವ ಪ್ರಮಾಣವನ್ನು ಹೋಲಿಸಿ, ಆ ಜೀವಾಣುವಿನ ಒಳಗಿನ ರಾಸಾಯನಿಕ ಸ್ಥಿತಿಯನ್ನು ಅಳೆಯಬಹುದು. (ಭೌತವಿಜ್ಞಾನದವರಿಗೆ ರೋಗದ ಗೊಡವೆ ಏಕೆ ಎನ್ನುವವರು ಇದನ್ನು ಗಮನಿಸಬೇಕು.) ಚೀಲದ ಆ ಅಲ್ಪ ಹುಳಿಯೇ ಕೆಲವು ಕ್ಷಯಾಣುಗಳನ್ನು ಔಷಧಕ್ಕೆ ಜಗ್ಗದಂತೆ ಮಾಡುತ್ತದೆಂದು ಅವರು ಕಂಡರು. ಹುಳಿಯೇರದಂತೆ ತಡೆಯುವ, ಮಲೇರಿಯಾಕ್ಕೆ ಕೊಡುತ್ತಿದ್ದ ಕ್ಲೋರೋಕ್ವಿನ್ನನ್ನು ಕ್ಷಯದ ಔಷಧದೊಡನೆ ಪ್ರಾಣಿಗಳಿಗೆ ಕೊಟ್ಟಾಗ ಔಷಧ ಚೆನ್ನಾಗಿ ನಾಟಿತು. ಇಲಿಗಳಲ್ಲಿ ರೋಗ ಮರುಕಳಿಸುವುದೂ ಕಡಮೆಯಾಯಿತು. ಇದು ಪ್ರಾಣಿಗಳ ಮೇಲಿನ ಪ್ರಯೋಗ; ಯಾರೂ ಅಂಗಡಿಗೆ ಓಡಬೇಕಾಗಿಲ್ಲ.

ಆ ತಂದೆಗೆ ಹೇಳಬೇಕಾದುದು ಇಷ್ಟು. ಬಯಲಿನಲ್ಲಿದ್ದ ಕ್ಷಯಾಣುಗಳು ಮೊದಲ ತಿಂಗಳುಗಳಲ್ಲಿ ಸಾಯುತ್ತವೆ. ಆದುದರಿಂದಲೇ ಜ್ವರ ಬಿಡುತ್ತದೆ. ಬಿಡಾರದೊಳಗಿನವು ಸುಮ್ಮನಿರುತ್ತವೆ. ಹುಲುಸಾಗಿ ಬೆಳೆಯುವಾಗಲೂ ಈ ಜೀವಿ ಇಬ್ಭಾಗವಾಗಲು 20 ಗಂಟೆಗಳಷ್ಟು ತೆಗೆದುಕೊಳ್ಳುತ್ತದೆ. ಬೆಳೆಯುವಾಗ ಕೊಲ್ಲುವ ಔಷಧಕ್ಕೆ, ಬೆಳೆಯದೆ ಕುಳಿತಿರುವುದು ಸುಲಭವಾಗಿ ಸಿಕ್ಕುವುದಿಲ್ಲ. ಉಳಿದ ನಾಲ್ಕು ತಿಂಗಳು ಅವುಗಳಿಗಾಗಿ.

ಇನ್ನೊಂದು ಮಾತು ನಮ್ಮ ಸೀಮೆಗೇ ಸೇರಿದ್ದು. ದೊಡ್ಡ ಕಣಗಳು ಮೂಗಿನ ತಿರುವುಗಳಲ್ಲಿಯೇ ಬಡಿದು ಅಂಟಿಕೊಳ್ಳುತ್ತವೆ. 5 ಮೈಕ್ರೋಮೀಟರಿಗಿಂತ ಚಿಕ್ಕವು ಗಾಳಿಯೊಡನೆ ತಿರುಗಿ ಆಳಕ್ಕೆ ಇಳಿಯುತ್ತವೆ. ಕೆಮ್ಮಿನ ತುಂತುರು ಒಣಗಿ ಉಳಿದ ಕ್ಷಯಾಣುವಿಗೂ ಕಲ್ಲಿನ ಧೂಳಿಗೂ ಇದೊಂದೇ ನಿಯಮ. ಧೂಳನ್ನೂ ಅದೇ ಭಕ್ಷಕ ಕೋಶ ನುಂಗುತ್ತದೆ. ಬೆಣಚಿನ ಹರಳು ಚೀಲವನ್ನು ಹರಿದು ಕೋಶವನ್ನೇ ಕೊಲ್ಲುತ್ತದೆ. ಧೂಳು ಕುಡಿದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುವುದು ಇದರಿಂದಲೇ. ಚಾಮರಾಜನಗರದ ಹೆಸರಾಂತ ಕರಿಕಲ್ಲು ವ್ಯಾಪಾರದಲ್ಲಿ ಗ್ರಾನೈಟ್ ಎನಿಸಿಕೊಂಡರೂ ಅದರಲ್ಲಿ ಬೆಣಚು ಅತ್ಯಲ್ಪ. ಜಲ್ಲಿಗೆ ಒಡೆಯುವ ಬಿಳಿಕಲ್ಲು ಹಾಗಲ್ಲ. 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲುಗಣಿಯಲ್ಲಿ ಗುಡ್ಡ ಕುಸಿದು ಕೂಲಿಗಳು ಸತ್ತಾಗ ನಾಡೆಲ್ಲ ತಿರುಗಿ ನೋಡಿತು. ಧೂಳು ಹತ್ತಾರು ವರ್ಷ ತೆಗೆದುಕೊಳ್ಳುವುದರಿಂದ ಸುದ್ದಿಯಾಗುವುದಿಲ್ಲ. ಕಲ್ಲು ಕೊರೆಯುವಾಗ ನೀರು ಹಾಯಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಕ್ರಷರಿನಲ್ಲಿ ನೀರು ಚಿಮುಕಿಸುವುದನ್ನು ಕ್ಷಯದ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕೆಂಬುದು ನಮ್ಮ ವಾದ.

ಒಂದು ವಾರದ ಮೇಲೆ ಹುಡುಗನನ್ನು ಕೂರಿಸಿಕೊಂಡು ಇದೆಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆವು. ಅವನು ಮನೆಯಲ್ಲಿ ಹೇಳಿದನಂತೆ. ತಂದೆ ಮಾತ್ರೆ ಬಿಡಲಿಲ್ಲ. ಆದರೆ ಮರುದಿನ ಇನ್ನೊಂದು ಪ್ರಶ್ನೆ ಕಳುಹಿಸಿದರು: “ಕೆಲಸಕ್ಕೆ ಅದೇ ಕ್ರಷರಿಗೆ ಹೋಗಬಹುದಾ, ಅಂತ ಕೇಳ್ಕೊಂಡು ಬಾ.”